ಬೆಟ್ಟೆ ಚೀಲಕ್ಕೆ ರಾಶಿ ರೇಟು ಬಂದಾಗ: ಅಬ್‌ಸ್ಟ್ರಾಕ್ಟ್ ಟೈಪ್ ಮತ್ತು ಡೈನಾಮಿಕ್ ಡಿಸ್ಪ್ಯಾಚ್ ದೋಷ ನಿವಾರಣೆ ಕೈಪಿಡಿ

ಕಳೆದ ಕೊಯ್ಲಿನ ಹೊತ್ತಿಗೆ ಒಂದು ಅಡಿಕೆ ಮಂಡಿಯಿಂದ ಫೋನ್ ಬಂತು. "ಮಾರಾಯ್ರೆ, ಬೆಟ್ಟೆ ಚೀಲ ಹಾಕಿದ್ರೂ ಬಿಲ್ಲಲ್ಲಿ ರಾಶಿ ರೇಟೇ ಬರ್ತಾ ಇದೆ. ಬೆಳೆಗಾರರು ಎದುರಿಗೆ ಕೂತಿದ್ದಾರೆ, ಏನು ಹೇಳ್ಲಿ?" ಬೆಟ್ಟೆ, ರಾಶಿ ಎರಡೂ ಅಡಿಕೆಯ ಬಗೆಗಳು, ರೇಟು ಬೇರೆ ಬೇರೆ. ಆ ಬಿಲ್ಲಿಂಗ್ ಪ್ರೋಗ್ರಾಂ ಬರೆದವನು ನಾನೇ. ಪ್ರೋಗ್ರಾಂ ನಿಂತಿರಲಿಲ್ಲ. ಪರದೆ ಮೇಲೆ ಒಂದು ಎರರ್ ಕೂಡ ಇರಲಿಲ್ಲ. ಲೆಕ್ಕ ಮಾತ್ರ ತಪ್ಪಾಗಿತ್ತು. ವರ್ಷವಿಡೀ ತೋಟದಲ್ಲಿ ದುಡಿದವರ ಹಣ ಅದು. ಆವತ್ತು ಸಂಜೆಯೊಳಗೆ ದೋಷ ಸಿಕ್ಕಿತು. ಹುಡುಕಿದ ದಾರಿಯನ್ನು ಅವತ್ತೇ ಒಂದು ಹಾಳೆಯಲ್ಲಿ ಬರೆದಿಟ್ಟೆ. ಆಮೇಲೆ ಬೇರೆ ಬೇರೆ ಭಾಷೆಗಳಲ್ಲಿ ಸಿಕ್ಕ ದೋಷಗಳನ್ನೂ ಅದಕ್ಕೆ ಸೇರಿಸುತ್ತಾ ಬಂದೆ. ಈ ಕೈಪಿಡಿ ಆ ಹಾಳೆಯಿಂದ ಬೆಳೆದದ್ದು.

ಮೊದಲು ಎರಡು ಮಾತು. ಶಿವಮೊಗ್ಗದ ಎಪಿಎಂಸಿ ಯಾರ್ಡಿಗೆ ಬರುವುದು ಸರಕು, ಬೆಟ್ಟೆ, ರಾಶಿ, ಗೊರಬಲು. ಸಾಗರದ ಕಡೆ ಹೋದರೆ ಚಾಲಿ, ಸಿಪ್ಪೆಗೋಟು, ಕೋಕಾ ಕೂಡ ಸಿಗುತ್ತವೆ. ಆದರೆ "ಬರೀ ಅಡಿಕೆ" ಅಂತ ಒಂದು ಚೀಲವನ್ನು ಯಾರೂ ತರುವುದಿಲ್ಲ, ಅಲ್ವಾ? ಅಡಿಕೆ ಅನ್ನುವುದು ಇವೆಲ್ಲಕ್ಕೂ ಸೇರಿದ ಹೆಸರು. ಅಬ್‌ಸ್ಟ್ರಾಕ್ಟ್ ಟೈಪ್ ಅಂದರೆ ಇದೇ. "ಅಡಿಕೆ ಅಂದಮೇಲೆ ಅದಕ್ಕೊಂದು ಬೆಲೆ ಇರಲೇಬೇಕು" ಎಂದು ಅದು ಕರಾರು ಹಾಕುತ್ತದೆ. ಬೆಲೆ ಎಷ್ಟು ಅಂತ ಮಾತ್ರ ಹೇಳುವುದಿಲ್ಲ.

ಬಿಲ್ ಬರೆಯುವ ಕೋಡು "ನಿನ್ನ ಬೆಲೆ ಎಷ್ಟು?" ಅಂತ ಕೇಳುತ್ತದೆ. ಪ್ರೋಗ್ರಾಂ ಓಡುವಾಗ ಆ ಜಾಗದಲ್ಲಿ ನಿಜವಾಗಿ ಯಾವ ಆಬ್ಜೆಕ್ಟ್ ಇದೆಯೋ ಅದೇ ಉತ್ತರ ಕೊಡುತ್ತದೆ. ಇದು ಡೈನಾಮಿಕ್ ಡಿಸ್ಪ್ಯಾಚ್. ಹೀಗೆ ನೋಡಿ: ವೇರಿಯಬಲ್‌ನ ಟೈಪ್ ಅಂದರೆ ಚೀಲದ ಮೇಲಿನ ಚೀಟಿ, ಆಬ್ಜೆಕ್ಟ್ ಅಂದರೆ ಒಳಗಿನ ಮಾಲು. ಓಡಿಸುವ ಮೊದಲೇ ಕೋಡನ್ನು ಪರೀಕ್ಷಿಸಿ ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವ ಕಂಪೈಲರಿಗೆ ಕಾಣುವುದು ಚೀಟಿ ಮಾತ್ರ. ಕೆಳಗಿನ ಹೆಚ್ಚಿನ ದೋಷಗಳಲ್ಲಿ ನಡೆದಿರುವುದು ಒಂದೇ: ಮಾಲು ನೋಡಿ ತೀರ್ಮಾನ ಆಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ, ಆದರೆ ಚೀಟಿ ನೋಡಿ ತೀರ್ಮಾನ ಆಗಿಬಿಟ್ಟಿರುತ್ತದೆ. ಹಾಗಾಗಿ ಪ್ರತಿ ಸಲವೂ ಕೇಳಬೇಕಾದ ಪ್ರಶ್ನೆ ಇದು: ಇಲ್ಲಿ ತೀರ್ಮಾನ ಮಾಡಿದ್ದು ಚೀಟಿಯೋ, ಮಾಲೋ?

ಕೈ ಹಾಕುವ ಮೊದಲು

ಓಡುತ್ತಿರುವ ಬಿಲ್ಲಿನ ಡೇಟಾ ಮೇಲೆ ಪರೀಕ್ಷೆ ಮಾಡಬೇಡಿ. ಡೇಟಾಬೇಸಿನ ಒಂದು ಪ್ರತಿ ತೆಗೆದು, ಬೇರೆ ಕಂಪ್ಯೂಟರಿನಲ್ಲೋ ಬೇರೆ ಫೋಲ್ಡರಿನಲ್ಲೋ ಕೆಲಸ ಮಾಡಿ. ತಪ್ಪು ಬಿಲ್ ಆಗಲೇ ಹೊರಗೆ ಹೋಗಿದ್ದರೆ ಮೊದಲು ಬಿಲ್ಲಿಂಗ್ ನಿಲ್ಲಿಸಿ, ಕೈಬರಹದ ಬಿಲ್ ಪುಸ್ತಕಕ್ಕೆ ಹೋಗಲು ಹೇಳಿ. ಒಂದು ದಿನದ ಕಿರಿಕಿರಿ, ಅಷ್ಟೇ. ತಪ್ಪು ಬಿಲ್‌ಗಳು ರಾಶಿ ಬಿದ್ದರೆ ಅವನ್ನು ಒಂದೊಂದಾಗಿ ಸರಿಮಾಡಲು ವಾರಗಟ್ಟಲೆ ಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ಯುಪಿಎಸ್ ಇಲ್ಲದೆ ಡೇಟಾ ಬದಲಿಸುವ ಕೆಲಸ ಶುರು ಮಾಡಬೇಡಿ.

ಇಲ್ಲಿ ಕೋಡಿನ ಹೆಸರುಗಳನ್ನು ಕನ್ನಡದಲ್ಲೇ ಕೊಟ್ಟಿದ್ದೇನೆ. ಜಾವಾ ಮತ್ತು ಪೈಥಾನ್ 3ರಲ್ಲಿ ಕ್ಲಾಸಿಗೆ (ಆಬ್ಜೆಕ್ಟ್ ತಯಾರಿಸುವ ಅಚ್ಚು), ಮೆಥಡಿಗೆ (ಆಬ್ಜೆಕ್ಟನ್ನು ಕೇಳಬಹುದಾದ ಕೆಲಸ) ಕನ್ನಡದ ಹೆಸರು ಇಡಬಹುದು. ನಾನು ಇಡುತ್ತೇನೆ ಕೂಡ. ಮಂಡಿಯವರ ಜೊತೆ ಕೂತು ಕೋಡು ಓದುವಾಗ ಅದರಿಂದ ಬಹಳ ಉಪಯೋಗ.

ಲಕ್ಷಣ: "ಈ ಕ್ಲಾಸಿನಿಂದ ಆಬ್ಜೆಕ್ಟ್ ಮಾಡಲು ಆಗುವುದಿಲ್ಲ" ಎಂಬ ಎರರ್

ಇದು ಒಳ್ಳೆಯ ಸುದ್ದಿ. ತಪ್ಪು ಬಾಗಿಲಲ್ಲೇ ಸಿಕ್ಕಿಬಿದ್ದಿದೆ. ಕಾರಣ ಎರಡೇ. ಒಂದು, ನೀವು ನೇರವಾಗಿ "ಬರೀ ಅಡಿಕೆ"ಯ ಆಬ್ಜೆಕ್ಟ್ ಮಾಡಲು ಹೊರಟಿದ್ದೀರಿ. ಇನ್ನೊಂದು, ಪೇರೆಂಟ್ ಕ್ಲಾಸಿನಿಂದ (ಇಲ್ಲಿ ಅಡಿಕೆ) ಹುಟ್ಟಿದ ಚೈಲ್ಡ್ ಕ್ಲಾಸಿನಲ್ಲಿ (ಉದಾಹರಣೆಗೆ ಬೆಟ್ಟೆ) ಬರೆಯಲೇಬೇಕಾದ ಯಾವುದೋ ಮೆಥಡ್ ಬಿಟ್ಟುಹೋಗಿದೆ. ಯಾವುದು ಬಿಟ್ಟಿದೆ ಅಂತ ಸಾಮಾನ್ಯವಾಗಿ ಎರರಿನಲ್ಲೇ ಬರೆದಿರುತ್ತದೆ. ಅದನ್ನು ಪೂರ್ತಿ ಓದಿ.

ಜಾವಾದಲ್ಲಿ ಇದು ಕಂಪೈಲ್ ಮಾಡುವಾಗಲೇ ಗೊತ್ತಾಗುತ್ತದೆ. ಪೈಥಾನ್‌ನಲ್ಲಿ ಆಬ್ಜೆಕ್ಟ್ ಮಾಡಲು ಹೊರಟ ಕ್ಷಣದಲ್ಲಿ ಮಾತ್ರ ಗೊತ್ತಾಗುತ್ತದೆ. ಅಂದರೆ ಕೋಕಾ ಚೀಲ ತಿಂಗಳಿಗೊಮ್ಮೆ ಬರುವುದಾದರೆ, ಕೋಕಾ ಕ್ಲಾಸಿನ ತಪ್ಪು ತಿಂಗಳವರೆಗೂ ಅಡಗಿ ಕೂತಿರಬಹುದು. ಪ್ರತಿ ಚೈಲ್ಡ್ ಕ್ಲಾಸಿನಿಂದ ಒಂದೊಂದು ಆಬ್ಜೆಕ್ಟ್ ಮಾಡಿ ನೋಡುವ ಚಿಕ್ಕ ಟೆಸ್ಟ್ ಬರೆದಿಡಿ. ಐದು ನಿಮಿಷದ ಕೆಲಸ.

ಇಲ್ಲಿ ತುಂಬಾ ಜನ ಮಾಡುವ ಒಂದು ಕೆಲಸವಿದೆ. ದಯವಿಟ್ಟು ಅದನ್ನು ಮಾಡಬೇಡಿ. ಎರರ್ ಹೋಗಲಿ ಅಂತ ಮೆಥಡಿನೊಳಗೆ ಸುಮ್ನೆ ಸೊನ್ನೆ ವಾಪಸ್ ಕೊಟ್ಟುಬಿಡುತ್ತಾರೆ. ಎರರ್ ಹೋಗುತ್ತದೆ, ನಿಜ. ಆದರೆ ಮುಂದಿನ ವಾರ ಯಾರದೋ 3 ಕ್ವಿಂಟಾಲ್ ಅಡಿಕೆಗೆ ಸೊನ್ನೆ ರೂಪಾಯಿ ಬಿಲ್ ಬರುತ್ತದೆ. ಬೆಲೆ ಹೇಗೆ ಲೆಕ್ಕ ಹಾಕಬೇಕು ಅಂತ ಗೊತ್ತಿಲ್ಲದಿದ್ದರೆ ಆ ಕ್ಲಾಸನ್ನು ಇನ್ನೂ ಬಳಕೆಗೆ ಬಿಡಬೇಡಿ.

ಲಕ್ಷಣ: ಎರರ್ ಇಲ್ಲ, ಆದರೆ ಪೇರೆಂಟ್ ಕ್ಲಾಸಿನ ಮೆಥಡೇ ಓಡುತ್ತಿದೆ

ಅತಿ ಹೆಚ್ಚು ಕಾಣುವ ದೋಷ ಇದು. ನನ್ನ ಬೆಟ್ಟೆ ಬಿಲ್ಲಿನ ಕಥೆಯೂ ಇದೇ. ಇಲ್ಲಿ ಆತುರ ಬೇಡ, ಒಂದೊಂದೇ ಹೆಜ್ಜೆ ಇಡಿ.

ಮೊದಲು ಮಾಲು ನೋಡಿ. ಮೆಥಡ್ ಕರೆಯುವ ಸಾಲಿಗಿಂತ ಮುಂಚೆ ಆಬ್ಜೆಕ್ಟಿನ ನಿಜವಾದ ಟೈಪನ್ನು ಪ್ರಿಂಟ್ ಮಾಡಿ. ಜಾವಾದಲ್ಲಿ ಗೆಟ್‌ಕ್ಲಾಸ್, ಪೈಥಾನ್‌ನಲ್ಲಿ ಟೈಪ್, ಸಿ ಪ್ಲಸ್ ಪ್ಲಸ್‌ನಲ್ಲಿ ಟೈಪ್‌ಐಡಿ. ಒಂದು ಸಾಲಿನ ಕೆಲಸ, ಖರ್ಚಿಲ್ಲ. "ರಾಶಿ" ಅಂತ ಬಂದರೆ ಡಿಸ್ಪ್ಯಾಚಿನಲ್ಲಿ ತಪ್ಪೇ ಇಲ್ಲ. ಚೀಲ ತುಂಬಿಸುವ ಕಡೆ, ಅಂದರೆ ಆಬ್ಜೆಕ್ಟ್ ಸೃಷ್ಟಿಸುವ ಕೋಡಿನಲ್ಲಿ, ತಪ್ಪಾಗಿದೆ. ಅಲ್ಲಿಗೆ ಹೋಗಿ. "ಬೆಟ್ಟೆ" ಅಂತ ಬಂದೂ ರಾಶಿ ಬೆಲೆ ಸಿಕ್ಕರೆ ಮಾತ್ರ ಮುಂದೆ ಓದಿ.

ಎರಡನೆಯದು, ಹೆಸರಿನ ಕಾಗುಣಿತ. ನನ್ನ ಕೋಡಿನಲ್ಲಿ ಆಗಿದ್ದು ಹೀಗೆ:

ಕ್ಲಾಸ್ ಅಡಿಕೆ: ಬೆಲೆ() → ರಾಶಿ ರೇಟು
ಕ್ಲಾಸ್ ಬೆಟ್ಟೆ, ಪೇರೆಂಟ್ ಅಡಿಕೆ: ಬೆಳೆ() → ಬೆಟ್ಟೆ ರೇಟು

ಕಂಡಿತಾ? ಪೇರೆಂಟಿನಲ್ಲಿ "ಬೆಲೆ", ಚೈಲ್ಡಿನಲ್ಲಿ "ಬೆಳೆ". ಒಂದು ಒತ್ತಕ್ಷರವಲ್ಲ, ದೀರ್ಘವಲ್ಲ, ಬರೀ ಲ ಮತ್ತು ಳ. ಪೈಥಾನ್ ಅದನ್ನು ಬೇರೆಯೇ ಮೆಥಡ್ ಅಂತ ತಿಳಿದು ಸುಮ್ಮನಿತ್ತು. ಬಿಲ್ಲಿನ ಕೋಡು "ಬೆಲೆ" ಕೇಳಿದಾಗ ಬೆಟ್ಟೆಯಲ್ಲಿ ಆ ಹೆಸರು ಸಿಗಲಿಲ್ಲ. ಮೇಲೆ ಹೋಗಿ ಪೇರೆಂಟಿನದ್ದನ್ನೇ ತಂದುಕೊಟ್ಟಿತು.

ಆದರೆ ಕಾಗುಣಿತ ಇಲ್ಲಿ ನೆಪ ಮಾತ್ರ. ಮೂಲ ತಪ್ಪು ಅಡಿಕೆ ಕ್ಲಾಸಿನಲ್ಲಿತ್ತು. ಅಲ್ಲಿ ನಾನು ಬೆಲೆಯನ್ನು ಅಬ್‌ಸ್ಟ್ರಾಕ್ಟ್ ಮಾಡಿರಲಿಲ್ಲ. "ಹೆಚ್ಚು ಬರುವುದು ರಾಶಿ ತಾನೆ" ಅಂತ ರಾಶಿ ರೇಟನ್ನೇ ಡೀಫಾಲ್ಟ್ ಆಗಿ ಬರೆದಿಟ್ಟಿದ್ದೆ. ಅಬ್‌ಸ್ಟ್ರಾಕ್ಟ್ ಮಾಡಿದ್ದರೆ ಮೊದಲ ಬೆಟ್ಟೆ ಚೀಲಕ್ಕೇ ಎರರ್ ಬಂದು ನಿಲ್ಲುತ್ತಿತ್ತು. ಹಣದ ವಿಷಯದಲ್ಲಿ ಪೇರೆಂಟ್ ಕ್ಲಾಸಿಗೆ ಡೀಫಾಲ್ಟ್ ಉತ್ತರ ಕೊಡುವ ಅಧಿಕಾರ ಇರಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕೆ ಇನ್ನೊಂದು ಕಾವಲೂ ಇದೆ: ಪೇರೆಂಟಿನ ಮೆಥಡನ್ನು ಚೈಲ್ಡ್ ತನ್ನ ರೀತಿಯಲ್ಲಿ ಮತ್ತೆ ಬರೆಯುತ್ತಿದೆ ಅಂತ ತಿಳಿಸುವ ಓವರ್‌ರೈಡ್ ಗುರುತು. ಜಾವಾಕ್ಕೆ ಇದು 2004ರಲ್ಲಿ ಐದನೇ ಆವೃತ್ತಿಯ ಜೊತೆ ಬಂತು. ಸಿ ಪ್ಲಸ್ ಪ್ಲಸ್‌ಗೆ 2011ರ ಸ್ಟ್ಯಾಂಡರ್ಡಿನಲ್ಲಿ ಬಂತು. ಚೈಲ್ಡ್ ಮೆಥಡಿಗೆ ಈ ಗುರುತು ಹಾಕಿದರೆ, ಪೇರೆಂಟಿನಲ್ಲಿ ಅದೇ ಮೆಥಡ್ ಇಲ್ಲದಿದ್ದಾಗ ಕಂಪೈಲರ್ ತಕರಾರು ತೆಗೆಯುತ್ತದೆ. ಪೈಥಾನ್ 3.12ರಲ್ಲೂ ಇಂಥದ್ದೊಂದು ಗುರುತು ಇದೆ, ಆದರೆ ಅದನ್ನು ನೋಡುವುದು ಟೈಪ್ ಚೆಕರ್ (ಕೋಡನ್ನು ಓಡಿಸದೆ ಟೈಪ್ ಪರೀಕ್ಷಿಸುವ ಬೇರೆ ಉಪಕರಣ) ಮಾತ್ರ. ಪೈಥಾನ್ ತಾನಾಗಿ ತಡೆಯುವುದಿಲ್ಲ.

ಪೈಥಾನ್‌ನಲ್ಲಿ ಇನ್ನೊಂದು ಗುಂಡಿ ಇದೆ. ಮೆಥಡಿನ ಮೇಲೆ ಅಬ್‌ಸ್ಟ್ರಾಕ್ಟ್ ಗುರುತು ಹಾಕಿ, ಕ್ಲಾಸನ್ನು ಮಾತ್ರ ಎಬಿಸಿಯಿಂದ (ಅಬ್‌ಸ್ಟ್ರಾಕ್ಟ್ ಕ್ಲಾಸಿಗೆಂದು ಪೈಥಾನ್ ಕೊಡುವ ಮೂಲ ಕ್ಲಾಸ್) ಹುಟ್ಟಿಸದೆ ಬಿಟ್ಟರೆ ಆ ಗುರುತಿಗೆ ಬೆಲೆಯೇ ಇಲ್ಲ. ಆಬ್ಜೆಕ್ಟ್ ಆರಾಮಾಗಿ ಹುಟ್ಟುತ್ತದೆ. ಕಾವಲುಗಾರ ಇದ್ದಾನೆ ಅಂತ ನಂಬಿ ನಾವು ನೆಮ್ಮದಿಯಾಗಿರುತ್ತೇವೆ.

ಹೆಸರು ಸರಿ ಇದ್ದರೆ ಮೂರನೆಯ ಹೆಜ್ಜೆ: ಈ ಮೆಥಡ್ ಡೈನಾಮಿಕ್ ಆಗಿ ಓಡುವಂಥದ್ದೇ ಹೌದಾ? ಭಾಷೆಗೊಂದು ರೂಢಿ ಇದೆ. ಸಿ ಪ್ಲಸ್ ಪ್ಲಸ್ ಮತ್ತು ಸಿ ಶಾರ್ಪ್‌ನಲ್ಲಿ ಪೇರೆಂಟ್ ಮೆಥಡಿಗೆ ವರ್ಚುವಲ್ ಅಂತ ಬರೆಯದಿದ್ದರೆ ತೀರ್ಮಾನ ಚೀಟಿಯದ್ದೇ. ವರ್ಚುವಲ್ ಅನ್ನುವ ಈ ಪದ ಹಳೆಯದು. ನಾರ್ವೆಯಲ್ಲಿ ಡಾಲ್ ಮತ್ತು ನ್ಯೂಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಿಂದ ಸಿ ಪ್ಲಸ್ ಪ್ಲಸ್‌ಗೆ ಬಂದದ್ದು. ಸಿ ಶಾರ್ಪ್‌ನಲ್ಲಿ ಓವರ್‌ರೈಡ್ ಬದಲು ನ್ಯೂ ಅಂತ ಬರೆದರೂ ಪೇರೆಂಟಿನ ಮೆಥಡ್ ಮರೆಯಾಗುತ್ತದೆ ಅಷ್ಟೇ, ಬದಲಾಗುವುದಿಲ್ಲ. ಅಡಿಕೆ ಅಂತ ಚೀಟಿ ಇರುವ ಚೀಲವನ್ನು ಕೇಳಿದರೆ ಹಳೆಯದೇ ಓಡುತ್ತದೆ. ಕಂಪೈಲರ್ ಕೊಡುವ ಎಚ್ಚರಿಕೆಗಳನ್ನು ಓದದೆ ಬಿಡಬೇಡಿ. ಈ ತಪ್ಪುಗಳಲ್ಲಿ ಎಷ್ಟೋ ಅಲ್ಲೇ ಬರೆದಿರುತ್ತವೆ.

ಸಿ ಪ್ಲಸ್ ಪ್ಲಸ್‌ನವರಿಗೆ ಒಂದು ಸುಳಿವು. ಪೇರೆಂಟಿನಲ್ಲಿ ಒಂದೂ ವರ್ಚುವಲ್ ಮೆಥಡ್ ಇಲ್ಲದಿದ್ದರೆ ಟೈಪ್‌ಐಡಿ ಕೂಡ ಚೀಟಿಯನ್ನೇ ಓದಿ ಹೇಳುತ್ತದೆ. ಬೆಟ್ಟೆ ಹಾಕಿದ್ದು ಖಚಿತವಿದ್ದೂ "ಅಡಿಕೆ" ಅಂತ ಬಂದರೆ ಮೊದಲು ವರ್ಚುವಲ್ ಇದೆಯಾ ನೋಡಿ.

ಜಾವಾದಲ್ಲಿ ಮಾಮೂಲಿ ಮೆಥಡ್‌ಗಳೆಲ್ಲ ಡೈನಾಮಿಕ್. ಆದರೆ ಸ್ಟ್ಯಾಟಿಕ್ ಮೆಥಡ್ (ಆಬ್ಜೆಕ್ಟಿಗಲ್ಲ, ಕ್ಲಾಸಿಗೇ ಸೇರಿದ್ದು) ಅಲ್ಲ, ಪ್ರೈವೇಟ್ ಮೆಥಡ್ (ಆ ಕ್ಲಾಸಿನ ಒಳಗೆ ಮಾತ್ರ ಕಾಣುವುದು) ಅಲ್ಲ. ಫೀಲ್ಡ್ (ಆಬ್ಜೆಕ್ಟ್ ತನ್ನೊಳಗೆ ಇಟ್ಟುಕೊಳ್ಳುವ ಮೌಲ್ಯ) ಅಂತೂ ಅಲ್ಲವೇ ಅಲ್ಲ. ಪೇರೆಂಟಿನಲ್ಲಿ "ದರ" ಅಂತ ಒಂದು ಫೀಲ್ಡ್, ಚೈಲ್ಡಿನಲ್ಲೂ "ದರ" ಅಂತ ಇನ್ನೊಂದು ಇಟ್ಟರೆ ಯಾವುದನ್ನು ಓದಬೇಕು ಅಂತ ಚೀಟಿ ನೋಡಿಯೇ ನಿರ್ಧಾರ ಆಗುತ್ತದೆ. ದರವನ್ನು ಮೆಥಡ್ ಮೂಲಕ ಕೇಳಿ. ಪೈಥಾನ್‌ನಲ್ಲಿ ಎರಡು ಅಂಡರ್‌ಸ್ಕೋರ್‌ನಿಂದ ಶುರುವಾಗುವ ಹೆಸರಿಗೆ ಕ್ಲಾಸಿನ ಹೆಸರು ಒಳಗೊಳಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಪೇರೆಂಟ್ ಕರೆದರೆ ಪೇರೆಂಟಿನದ್ದೇ ಓಡುತ್ತದೆ. ಅಂಡರ್‌ಸ್ಕೋರ್ ಒಂದಕ್ಕೆ ಇಳಿಸಿ ನೋಡಿ.

ಲಕ್ಷಣ: ಫಂಕ್ಷನ್‌ಗೆ ಕಳಿಸುವವರೆಗೆ ಬೆಟ್ಟೆ, ಒಳಗೆ ಹೋದಮೇಲೆ ಬರೀ ಅಡಿಕೆ

ಇದು ಸಿ ಪ್ಲಸ್ ಪ್ಲಸ್‌ನ ಕಾಯಿಲೆ. ಆಬ್ಜೆಕ್ಟನ್ನು ರೆಫರೆನ್ಸ್ ಅಥವಾ ಪಾಯಿಂಟರ್ ಆಗಿ (ಅಂದರೆ ಅದು ಎಲ್ಲಿದೆ ಎಂಬ ಗುರುತಾಗಿ) ಕಳಿಸದೆ ನೇರವಾಗಿ ಕಳಿಸಿದರೆ ಅದರ ನಕಲು ಆಗುತ್ತದೆ. ನಕಲಾಗುವುದು ಅಡಿಕೆ ಭಾಗ ಮಾತ್ರ. ಬೆಟ್ಟೆಯ ಭಾಗ ಕತ್ತರಿಸಿ ಹೋಗುತ್ತದೆ. ಇದಕ್ಕೆ ಸ್ಲೈಸಿಂಗ್ ಅಂತಾರೆ. ವೆಕ್ಟರ್ ಎಂಬ ಪಟ್ಟಿಯೊಳಗೆ ಆಬ್ಜೆಕ್ಟನ್ನು ನೇರವಾಗಿ ತುಂಬಿದರೂ ಹೀಗೇ. ರೆಫರೆನ್ಸ್ ಅಥವಾ ಸ್ಮಾರ್ಟ್ ಪಾಯಿಂಟರ್ ಬಳಸಿ. ಪೇರೆಂಟನ್ನು ಅಬ್‌ಸ್ಟ್ರಾಕ್ಟ್ ಮಾಡಿದರೆ ಇಲ್ಲೂ ಲಾಭ ಇದೆ: ಅಬ್‌ಸ್ಟ್ರಾಕ್ಟ್ ಕ್ಲಾಸನ್ನು ಹಾಗೆ ನೇರವಾಗಿ ಪಡೆಯುವ ಫಂಕ್ಷನ್ ಬರೆಯಲು ಕಂಪೈಲರ್ ಬಿಡುವುದೇ ಇಲ್ಲ.

ಲಕ್ಷಣ: ಒಂದೇ ಹೆಸರಿನ ಹಲವು ಮೆಥಡ್ ಇವೆ, ತಪ್ಪಾದದ್ದು ಓಡುತ್ತಿದೆ

"ಮುದ್ರಿಸು(ಅಡಿಕೆ)", "ಮುದ್ರಿಸು(ಬೆಟ್ಟೆ)" ಅಂತ ಎರಡು ಬರೆದಿದ್ದೀರಿ. ಒಳಗೆ ಬೆಟ್ಟೆಯೇ ಇದ್ದರೂ ಮೊದಲನೆಯದು ಓಡುತ್ತಿದೆ. ಇದು ಓವರ್‌ರೈಡ್ ಅಲ್ಲ, ಓವರ್‌ಲೋಡ್. ಜಾವಾ, ಸಿ ಪ್ಲಸ್ ಪ್ಲಸ್, ಸಿ ಶಾರ್ಪ್ ಮೂರರಲ್ಲೂ ಆವರಣದೊಳಗಿನ ಟೈಪ್ ನೋಡಿ ಆಯ್ಕೆ ಮಾಡುವುದು ಕಂಪೈಲರ್, ಅದೂ ಮೊದಲೇ. ಆಬ್ಜೆಕ್ಟ್ ನೋಡಿ ಆಯ್ಕೆ ಆಗುವುದು "ಚೀಲ.ಬೆಲೆ()" ಅಂತ ಕರೆಯುವಾಗ ಚುಕ್ಕೆಯ ಎಡಗಡೆ ಇರುವುದಕ್ಕೆ ಮಾತ್ರ. ಮುದ್ರಿಸುವ ಕೆಲಸವನ್ನು ಅಡಿಕೆಯ ಮೆಥಡ್ ಮಾಡಿಬಿಡಿ, ಆಗ ಸರಿಹೋಗುತ್ತದೆ.

ಎರಡು ಆಬ್ಜೆಕ್ಟ್ ಸಮವೇ ಅಂತ ನೋಡುವ ಜಾವಾದ ಈಕ್ವಲ್ಸ್ ಮೆಥಡಿನಲ್ಲೂ ಇದೇ ಗೊಂದಲ. ಅದು ತೆಗೆದುಕೊಳ್ಳಬೇಕಾದದ್ದು ಜಾವಾದ ಎಲ್ಲ ಕ್ಲಾಸಿಗೂ ಮೂಲವಾದ "ಆಬ್ಜೆಕ್ಟ್" ಎಂಬ ಹೆಸರಿನ ಟೈಪನ್ನು. ಬದಲಿಗೆ "ಅಡಿಕೆ" ಅಂತ ಬರೆದರೆ ಅದು ಹೊಸ ಓವರ್‌ಲೋಡ್ ಆಗುತ್ತದೆ. ಲಿಸ್ಟಿನಲ್ಲಿ ಹುಡುಕಿದರೆ "ಇಲ್ಲ" ಅನ್ನುತ್ತದೆ, ಕಣ್ಣೆದುರಿಗೇ ಇದ್ದರೂ.

ಲಕ್ಷಣ: ಸರಿಯಾದ ಮೆಥಡೇ ಓಡಿತು, ಆದರೆ ಬೆಲೆ ಸೊನ್ನೆ ಅಥವಾ ನಲ್

ಈಗ ಸ್ವಲ್ಪ ಆಳದ ಜಾಗಕ್ಕೆ ಬಂದೆವು. ಪೇರೆಂಟಿನ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡು) ಒಳಗೆ "ಬೆಲೆ()" ಕರೆದಿದ್ದೀರಾ ನೋಡಿ. ಮನೆ ಕಟ್ಟುವಾಗ ಮೊದಲು ಅಡಿಪಾಯ, ಆಮೇಲೆ ಮಾಡು (ಚಾವಣಿ). ಪೇರೆಂಟಿನ ಕನ್‌ಸ್ಟ್ರಕ್ಟರ್ ಮೊದಲು ಓಡಿ ಮುಗಿಯುತ್ತದೆ, ಚೈಲ್ಡಿನದ್ದು ಆಮೇಲೆ. ಜಾವಾ ಮತ್ತು ಸಿ ಶಾರ್ಪ್‌ನಲ್ಲಿ ಕನ್‌ಸ್ಟ್ರಕ್ಟರ್ ಒಳಗಿಂದ ಕರೆದರೂ ಚೈಲ್ಡಿನ ಮೆಥಡೇ ಓಡುತ್ತದೆ. ಆದರೆ ಚೈಲ್ಡಿನ ಕನ್‌ಸ್ಟ್ರಕ್ಟರ್ ತುಂಬಬೇಕಾದ ದರ ಇನ್ನೂ ಖಾಲಿ. ಮಾಡು ಹಾಕದ ಮನೆಗೆ ಮಳೆ ಬಂದ ಹಾಗೆ. ಆದ್ದರಿಂದ ಸೊನ್ನೆ ಅಥವಾ ನಲ್.

ಸಿ ಪ್ಲಸ್ ಪ್ಲಸ್‌ನಲ್ಲಿ ಬೇರೆ ರೀತಿ. ಪೇರೆಂಟಿನ ಕನ್‌ಸ್ಟ್ರಕ್ಟರ್ ಓಡುವಾಗ ಆ ಆಬ್ಜೆಕ್ಟ್ ಇನ್ನೂ ಪೇರೆಂಟ್ ಮಾತ್ರ, ಹಾಗಾಗಿ ಪೇರೆಂಟಿನ ಮೆಥಡೇ ಓಡುತ್ತದೆ. ಅದು ಪ್ಯೂರ್ ವರ್ಚುವಲ್ (ಸಿ ಪ್ಲಸ್ ಪ್ಲಸ್‌ನ ಅಬ್‌ಸ್ಟ್ರಾಕ್ಟ್ ಮೆಥಡ್) ಆಗಿದ್ದರೆ ಪ್ರೋಗ್ರಾಂ ಅಲ್ಲೇ ಕುಸಿಯಬಹುದು. "ಪ್ಯೂರ್ ವರ್ಚುವಲ್ ಮೆಥಡ್ ಕಾಲ್ಡ್" ಎಂಬ ಸಂದೇಶ ಕಂಡರೆ ಕನ್‌ಸ್ಟ್ರಕ್ಟರ್ ಮತ್ತು ಡಿಸ್ಟ್ರಕ್ಟರ್‌ಗಳನ್ನೇ (ಆಬ್ಜೆಕ್ಟ್ ಅಳಿಯುವಾಗ ಓಡುವ ಕೋಡು) ಮೊದಲು ಹುಡುಕಿ. ನೇರವಾಗಿ ಕಾಣದಿದ್ದರೆ ಅವು ಕರೆಯುವ ಇತರ ಮೆಥಡ್‌ಗಳ ಒಳಗೆ ನೋಡಿ, ಅಲ್ಲಿ ಅವಿತಿರುತ್ತದೆ.

ಎರಡಕ್ಕೂ ಮದ್ದು ಒಂದೇ. ಕನ್‌ಸ್ಟ್ರಕ್ಟರಿನಲ್ಲಿ ಡೈನಾಮಿಕ್ ಮೆಥಡ್ ಕರೆಯಬೇಡಿ. ಆಬ್ಜೆಕ್ಟ್ ಪೂರ್ತಿ ತಯಾರಾದ ಮೇಲೆ ಕೇಳಿ. ಪೈಥಾನ್‌ನವರು ಚೈಲ್ಡಿನ ಇನಿಟ್‌ನಿಂದ (ಪೈಥಾನ್‌ನಲ್ಲಿ ಕನ್‌ಸ್ಟ್ರಕ್ಟರಿನ ಕೆಲಸ ಮಾಡುವ ಮೆಥಡ್) ಪೇರೆಂಟಿನ ಇನಿಟ್ ಕರೆದಿದ್ದೀರಾ ಅಂತಲೂ ನೋಡಿಕೊಳ್ಳಿ. ಅದು ತಾನಾಗಿ ಓಡುವುದಿಲ್ಲ.

ಲಕ್ಷಣ: ಚೈಲ್ಡ್ ಕ್ಲಾಸ್ "ನನಗೆ ಈ ಕೆಲಸ ಇಲ್ಲ" ಅಂತ ಎಕ್ಸೆಪ್ಶನ್ ಎಸೆಯುತ್ತಿದೆ

ಇಲ್ಲಿ ಭಾಷೆಯ ತಪ್ಪಿಲ್ಲ, ನಮ್ಮ ವಿಂಗಡಣೆಯ ತಪ್ಪು. ನಾನೊಮ್ಮೆ ಅಡಿಕೆ ಕ್ಲಾಸಿಗೆ "ಬೇಯಿಸು()" ಅಂತ ಅಬ್‌ಸ್ಟ್ರಾಕ್ಟ್ ಮೆಥಡ್ ಇಟ್ಟಿದ್ದೆ. ರಾಶಿ, ಬೆಟ್ಟೆಗೆ ಅದು ಸರಿ. ಹಸಿ ಕಾಯಿ ಸುಲಿದು, ಚೊಗರು ಹಾಕಿ ಬೇಯಿಸಿ, ಒಣಗಿಸುತ್ತಾರೆ. ಆದರೆ ಚಾಲಿಯನ್ನು ಬೇಯಿಸುವುದಿಲ್ಲ. ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ಅಂಗಳದ ಬಿಸಿಲಲ್ಲಿ ಒಣಗಿಸಿ, ಆಮೇಲೆ ಸುಲಿಯುವುದು. ಕಂಪೈಲರಿನ ಬಲವಂತಕ್ಕೆ ಚಾಲಿ ಕ್ಲಾಸಿನಲ್ಲೂ ಬೇಯಿಸು ಬರೆದು, ಒಳಗೆ ಎಕ್ಸೆಪ್ಶನ್ (ಓಡುವಾಗ ಎಸೆಯುವ ಎರರ್) ಇಟ್ಟೆ. ಪೇರೆಂಟ್ ಕೊಟ್ಟ ಮಾತನ್ನು ಚೈಲ್ಡ್ ಉಳಿಸಿಕೊಳ್ಳಲಾಗದ ಸ್ಥಿತಿ ಅದು. ಪೇರೆಂಟ್ ಇರುವ ಕಡೆಯಲ್ಲೆಲ್ಲ ಚೈಲ್ಡನ್ನು ಇಟ್ಟರೂ ಪ್ರೋಗ್ರಾಂ ಸರಿಯಾಗಿ ನಡೆಯಬೇಕು ಎಂಬ ನಿಯಮಕ್ಕೆ ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ ಅವರ ಹೆಸರಿದೆ. 1987ರ ಒಂದು ಭಾಷಣದಲ್ಲಿ ಅವರು ಇದನ್ನು ಮುಂದಿಟ್ಟರು. 2008ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು ಅವರು.

ಹಳೇ ಮನೆಯ ಯಾವ ಹಿರಿಯರನ್ನು ಕೇಳಿದ್ದರೂ ಕೆಂಪಡಿಕೆ ಬೇರೆ, ಚಾಲಿ ಬೇರೆ ಅಂತ ಹೇಳುತ್ತಿದ್ದರು. ಹಾಗೇ ಮಾಡಿದೆ. ಅಡಿಕೆಯಲ್ಲಿ "ಸಂಸ್ಕರಿಸು()" ಮಾತ್ರ ಉಳಿಸಿದೆ. "ಬೇಯಿಸು()" ಕೆಂಪಡಿಕೆ ಎಂಬ ನಡುವಿನ ಕ್ಲಾಸಿಗೆ ಹೋಯಿತು. ಎಕ್ಸೆಪ್ಶನ್ ಮಾಯ.

ಕೋಡಿನ ತುಂಬಾ "ಇದು ಚಾಲಿನಾ? ಇದು ಕೋಕಾನಾ?" ಅಂತ ಟೈಪ್ ಕೇಳುವ ಸಾಲುಗಳು ಬೆಳೆಯುತ್ತಿದ್ದರೂ ಅದೇ ಕಾಯಿಲೆಯ ಗುರುತು. ಒಂದೆರಡು ಇದ್ದರೆ ಚಿಂತೆ ಬೇಡ. ಹೊಸ ಬಗೆ ಸೇರಿಸಿದಾಗಲೆಲ್ಲ ಹತ್ತು ಕಡೆ ತಿದ್ದಬೇಕಾಗಿ ಬಂದರೆ ಕೂತು ವಿಂಗಡಣೆ ಮತ್ತೆ ಮಾಡಿ.

ಲಕ್ಷಣ: ನಿನ್ನೆವರೆಗೆ ಸರಿ ಇತ್ತು, ಲೈಬ್ರರಿ ಬದಲಿಸಿದ ಮೇಲೆ ಬೀಳುತ್ತಿದೆ

ಜಾವಾದಲ್ಲಿ "ಅಬ್‌ಸ್ಟ್ರಾಕ್ಟ್ ಮೆಥಡ್ ಎರರ್" ಬಂದರೆ ಹೆಚ್ಚಾಗಿ ಕಾರಣ ಇದು: ಹೊಸ ಇಂಟರ್‌ಫೇಸಿನಲ್ಲಿ (ಕ್ಲಾಸಿನಲ್ಲಿ ಯಾವ ಮೆಥಡ್ ಇರಬೇಕು ಅಂತ ಹೇಳುವ ಕರಾರು) ಒಂದು ಮೆಥಡ್ ಜಾಸ್ತಿ ಆಗಿದೆ, ನಿಮ್ಮ ಕ್ಲಾಸ್ ಹಳೆಯದರ ಜೊತೆ ಕಂಪೈಲ್ ಆಗಿದೆ. ಹಳೆಯ ಕಂಪೈಲ್ ಫೈಲುಗಳನ್ನೆಲ್ಲ ಅಳಿಸಿ ಹೊಸದಾಗಿ ಬಿಲ್ಡ್ ಮಾಡಿ. ಏನು ಬಿಟ್ಟಿದೆ ಅಂತ ಕಂಪೈಲರೇ ಹೇಳುತ್ತದೆ. ಇಂಟರ್‌ಫೇಸ್ ನಿಮ್ಮದೇ ಆಗಿದ್ದರೆ, 2014ರಲ್ಲಿ ಬಂದ ಜಾವಾ 8ರಿಂದ ಹೊಸ ಮೆಥಡಿಗೆ ಡೀಫಾಲ್ಟ್ ಬರೆಯಬಹುದು. ಹಣದ ಲೆಕ್ಕಕ್ಕೆ ಮಾತ್ರ ಬೇಡ, ಯಾಕೆ ಅಂತ ಆಗಲೇ ಹೇಳಿದೆ.

ಲಕ್ಷಣ: ಡಿಲೀಟ್ ಮಾಡುವಾಗ ಮೆಮೊರಿ ಸೋರಿಕೆ, ಅಥವಾ ಕಾರಣವಿಲ್ಲದೆ ಕುಸಿತ

ಸಿ ಪ್ಲಸ್ ಪ್ಲಸ್‌ನಲ್ಲಿ ಪೇರೆಂಟ್ ಪಾಯಿಂಟರ್ ಮೂಲಕ ಚೈಲ್ಡನ್ನು ಡಿಲೀಟ್ ಮಾಡುತ್ತಿದ್ದು, ಪೇರೆಂಟಿನ ಡಿಸ್ಟ್ರಕ್ಟರ್ ವರ್ಚುವಲ್ ಅಲ್ಲದಿದ್ದರೆ ಏನಾಗುತ್ತದೆ ಅಂತ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಇವತ್ತು ಓಡಿತು ಅಂದರೆ ನಾಳೆಯೂ ಓಡುತ್ತದೆ ಅಂತಲ್ಲ. ಡಿಸ್ಟ್ರಕ್ಟರಿಗೆ ವರ್ಚುವಲ್ ಸೇರಿಸಿ. ಆಮೇಲೂ ಕುಸಿತ ನಿಲ್ಲದಿದ್ದರೆ ಅಂದಾಜಿನ ಮೇಲೆ ಕೋಡು ಬದಲಿಸುತ್ತಾ ಹೋಗಬೇಡಿ. ಮೆಮೊರಿ ಒಮ್ಮೆ ಕೆಟ್ಟರೆ ತಪ್ಪು ಆದ ಜಾಗ ಒಂದು, ಬೀಳುವ ಜಾಗ ಇನ್ನೊಂದು. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಅಥವಾ ವ್ಯಾಲ್‌ಗ್ರಿಂಡ್ ಹಾಕಿ ಓಡಿಸಿ. ಅವು ಹೇಳಿದ್ದು ಅರ್ಥವಾಗದಿದ್ದರೆ ಅಲ್ಲಿಗೆ ನಿಲ್ಲಿಸಿ, ಗೊತ್ತಿರುವವರ ಹತ್ತಿರ ಹೋಗಿ.

ಲಕ್ಷಣ: "ಡೈನಾಮಿಕ್ ಡಿಸ್ಪ್ಯಾಚಿಂದಲೇ ಪ್ರೋಗ್ರಾಂ ನಿಧಾನ" ಎಂಬ ಅನುಮಾನ

ಬಿಲ್ಲಿಂಗ್ ಥರದ ಕೆಲಸದಲ್ಲಿ ಇದು ನಿಜವಾಗಿದ್ದನ್ನು ನಾನು ಕಂಡಿಲ್ಲ. ಸಾಮಾನ್ಯವಾಗಿ ಆಗುವುದಿಷ್ಟು: ಆಬ್ಜೆಕ್ಟಿನಲ್ಲಿರುವ ಪಾಯಿಂಟರ್ ಹಿಡಿದು ಒಂದು ಪಟ್ಟಿ ನೋಡಿ, ಅಲ್ಲಿಂದ ಮೆಥಡಿಗೆ ಹೋಗುವುದು. ಮೊದಲು ಪ್ರೊಫೈಲರ್ (ಯಾವ ಕೋಡಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ತೋರಿಸುವ ಉಪಕರಣ) ಹಾಕಿ ಅಳೆಯಿರಿ. ಡೇಟಾಬೇಸ್ ಕಡೆಯೇ ಹೆಚ್ಚು ಹೊತ್ತು ಹೋಗುತ್ತಿರುವುದು ಕಂಡೀತು.

ಯಾವಾಗ ಇನ್ನೊಬ್ಬರನ್ನು ಕರೆಯಬೇಕು

ಮೇಲಿನದ್ದನ್ನೆಲ್ಲ ನೋಡಿ ಎರಡು ಗಂಟೆ ಕಳೆದರೂ ಚೀಟಿಯೋ ಮಾಲೋ ಅಂತ ಹೇಳಲು ಆಗದಿದ್ದರೆ ನಿಲ್ಲಿಸಿ. ದೋಷ ಒಮ್ಮೆ ಬಂದು ಒಮ್ಮೆ ಬರದಿದ್ದರೂ ನಿಲ್ಲಿಸಿ. ಆಗ ಥ್ರೆಡ್ಡಿನದ್ದೋ ಮೆಮೊರಿಯದ್ದೋ ಬೇರೆ ತೊಂದರೆ ಇರಬಹುದು. ಬೇರೆಯವರ ಲೈಬ್ರರಿಯ ಒಳಗೆ ತಿದ್ದಬೇಕಾದ ಹಂತ ಬಂದರೂ ಅಷ್ಟೇ.

ಹೋಗುವಾಗ ಪೂರ್ತಿ ಪ್ರಾಜೆಕ್ಟ್ ಹೊತ್ತುಕೊಂಡು ಹೋಗಬೇಡಿ. ಒಂದು ಪೇರೆಂಟ್, ಒಂದು ಚೈಲ್ಡ್, ಒಂದು ಕರೆ. ಇಪ್ಪತ್ತು ಸಾಲಿನಲ್ಲಿ ದೋಷ ತೋರಿಸುವ ಪುಟ್ಟ ಪ್ರೋಗ್ರಾಂ ಮಾಡಿ. ಭಾಷೆಯ ಆವೃತ್ತಿ, ಎರರಿನ ಪೂರ್ತಿ ಪಠ್ಯ, ಪ್ರಿಂಟ್ ಮಾಡಿದ ಟೈಪ್ ಜೊತೆಗಿರಲಿ. ಬೆಳೆಗಾರರ ಹೆಸರು, ಖಾತೆ ನಂಬರ್ ಇರುವ ಡೇಟಾ ಮಾತ್ರ ಯಾರಿಗೂ ಕಳಿಸಬೇಡಿ.

ಆವತ್ತು ಬೆಟ್ಟೆ ಬಿಲ್ಲಿನ ದೋಷ ಸರಿಮಾಡಿದ ಮೇಲೆ ಇನ್ನೊಂದು ಕೆಲಸ ಉಳಿದಿತ್ತು. ತಪ್ಪು ಮೆಥಡ್ ಯಾವ ದಿನದಿಂದ ಬಳಕೆಯಲ್ಲಿದೆ ಅಂತ ನೋಡಿ, ಅಲ್ಲಿಂದ ಬಂದ ಬೆಟ್ಟೆ ಬಿಲ್‌ಗಳನ್ನೆಲ್ಲ ತೆಗೆದು ಮತ್ತೆ ಲೆಕ್ಕ ಹಾಕಿದೆವು. ಮಂಡಿಯವರು ಅವತ್ತು ರಾತ್ರಿಯೇ ಒಬ್ಬೊಬ್ಬರಿಗೂ ಫೋನ್ ಮಾಡಿ ವ್ಯತ್ಯಾಸದ ಹಣ ತಿಳಿಸಿದರು.